ಮಕ್ಕಳು ಎಸೆಯುವ ಕಸ, ರಾಸಿನ ಹೊಟ್ಟೆಗೆ ಕಂಟಕ



ಪ್ಲಾಸ್ಟಿಕ್ ಕೊಳೆಯುವುದಿಲ್ಲವೆಂದು ನಿಮ್ಮ ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ಮನೆಯ ಕಸ ಚೆಲ್ಲಿ ಬಾ ಎಂದರೆ, ತರಕಾರಿ ಸಿಪ್ಪೆಯನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬೀದಿ ಬದಿಗೆ ಎಸೆದು ಬರುವವರೇ ಹೆಚ್ಚು. ತಿಳಿವಳಿಕೆ ಇದೆ, ರೂಢಿ ಇಲ್ಲ.

ಹಸು ಗಂಟು ಬಿಚ್ಚಲಾರದು. ಸಿಪ್ಪೆಯೊಂದಿಗೆ ಕವರನ್ನೂ ನುಂಗುತ್ತದೆ. ಅದು ಜೀರ್ಣವಾಗದೆ ಮೊದಲ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ರಾಸು ಮೇವು ಬಿಡುತ್ತದೆ, ಮೆಲುಕು ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಔಷಧಿಗೆ ಈ ಉಂಡೆ ಕರಗದು, ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕು. ಕಸದೊಡನೆ ಹೋದ ತಂತಿ, ಮೊಳೆ ಎರಡನೆಯ ಹೊಟ್ಟೆಯಲ್ಲಿ ನಿಂತು, ಸಮೀಪದ ಹೃದಯವನ್ನು ಚುಚ್ಚಿ ರಾಸಿನ ಪ್ರಾಣವನ್ನೇ ತೆಗೆಯಬಹುದು.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ಆದರೂ ಕವರು ಮನೆಗೆ ಬರುತ್ತಲೇ ಇದೆ. ಆದ್ದರಿಂದ ಮಕ್ಕಳಿಗೆ ಇಷ್ಟನ್ನು ರೂಢಿ ಮಾಡಿಸಿ:

1. ಹಸಿ ಕಸವನ್ನು ಬಕೆಟ್ಟಿನಲ್ಲಿ ಒಯ್ದು ಗೊಬ್ಬರದ ಗುಂಡಿಗೆ ಸುರಿಯುವುದು.

2. ಪ್ಲಾಸ್ಟಿಕ್ಕನ್ನು ಬೇರೆ ಚೀಲದಲ್ಲಿ ಕೂಡಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡುವುದು, ಸುಡಬಾರದು.

3. ತಂತಿ, ಮೊಳೆ, ಬ್ಲೇಡುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕುವುದು.

ಹಿರಿಯರು ಮಾಡಿದ್ದನ್ನೇ ಕಿರಿಯರು ಮಾಡುತ್ತಾರೆ. ಮೊದಲು ನೀವು ರೂಢಿಸಿಕೊಳ್ಳಿ, ನಿಮ್ಮ ರಾಸುಗಳನ್ನು ಉಳಿಸಿಕೊಳ್ಳಿ.