ಅಂಬಾಝರಿಯ ನೀರು, ಕಿತ್ತಳೆಯ ಸಿಪ್ಪೆ: ಮೊದಲ ವರ್ಷದ ಕಲನಶಾಸ್ತ್ರದ ಸುತ್ತ ಬೆಳೆದ ತಪ್ಪು ಕಲ್ಪನೆಗಳು

ನಾಗಪುರದ ದಕ್ಷಿಣ ಅಂಬಾಝರಿ ರಸ್ತೆಯಲ್ಲಿ 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭಗೊಂಡು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ವಿದ್ಯಾಲಯವು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಅಲ್ಲಿನ ಸೀಟುಗಳಲ್ಲಿ ಅರ್ಧದಷ್ಟು ಮಹಾರಾಷ್ಟ್ರದ ಹೊರಗಿನವರಿಗೆ ತೆರೆದಿರುವುದರಿಂದ ಕನ್ನಡ ನಾಡಿನ ಮಕ್ಕಳಿಗೂ ಅದರ ಬಾಗಿಲು ಮುಚ್ಚಿಲ್ಲ. ಅಲ್ಲಿಯಾಗಲಿ, 1923ರಲ್ಲಿ ಸ್ಥಾಪನೆಯಾದ ನಾಗಪುರ ವಿಶ್ವವಿದ್ಯಾಲಯದ ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ, ಮೊದಲ ವರ್ಷದ ವಿದ್ಯಾರ್ಥಿಯು ಎದುರಿಸಬೇಕಾದ ಗಣಿತದಲ್ಲಿ ದೊಡ್ಡ ಪಾಲು ಕಲನಶಾಸ್ತ್ರದ್ದು, ಅಂದರೆ ಬದಲಾವಣೆಯ ದರವನ್ನೂ ಚೂರುಚೂರಾಗಿ ಕೂಡುವ ಮೊತ್ತವನ್ನೂ ಲೆಕ್ಕಹಾಕುವ ವಿದ್ಯೆಯದು. ವಿದ್ಯಾರ್ಥಿಗಳ ಬಾಯಲ್ಲಿ ‘ಎಂ-ವನ್’, ‘ಎಂ-ಟು’ ಎಂದು ಮೊಟಕಾಗುವ ಈ ಪತ್ರಿಕೆಗಳ ಬಗ್ಗೆ ಹಾಸ್ಟೆಲಿನ ಹಿರಿಯರಿಂದ ಕಿರಿಯರಿಗೆ ದಾಟುತ್ತ ಬಂದ ನಂಬಿಕೆಗಳು ಹಲವಿದ್ದು, ಅವುಗಳಲ್ಲಿ ಹೆಚ್ಚಿನವು ಕಲಿಕೆಗೆ ನೇರವಾಗಿ ಅಡ್ಡಿ ತರುತ್ತವೆ.

ಇವುಗಳಲ್ಲಿ ಅತ್ಯಂತ ಗಟ್ಟಿಯಾದದ್ದು, ಕಲನಶಾಸ್ತ್ರವೆಂದರೆ ಸೂತ್ರಗಳ ರಾಶಿ, ಸೂತ್ರಗಳು ಬಾಯಿಗೆ ಬಂದರೆ ಪತ್ರಿಕೆ ಪಾಸಾಯಿತು ಎಂಬ ನಂಬಿಕೆ. ವಾಸ್ತವದಲ್ಲಿ ಅನ್ವಯಿಕ ಕಲನಶಾಸ್ತ್ರದ ಕೆಲಸಕ್ಕೆ ಮೂರು ಹಂತಗಳಿವೆ: ಲೋಕದ ಒಂದು ಸಂಗತಿಯನ್ನು ಸಮೀಕರಣವಾಗಿ ಬರೆಯುವುದು, ಅದನ್ನು ಬಿಡಿಸುವುದು, ಬಂದ ಉತ್ತರವನ್ನು ಮತ್ತೆ ಲೋಕದ ಮಾತಿಗೆ ತರುವುದು. ಬಾಯಿಪಾಠದ ಸೂತ್ರವು ನಡುವಣ ಹಂತಕ್ಕೆ ಮಾತ್ರ ನೆರವಾಗುತ್ತದೆ. ವಿದ್ಯಾರ್ಥಿಗಳು ನಿಜವಾಗಿ ಎಡವುವುದು ಮೊದಲನೆಯದರಲ್ಲಿ, ಮತ್ತು ಪರೀಕ್ಷೆಗಳು ಅದನ್ನು ಸಾಕಷ್ಟು ಕೇಳದಿರುವುದರಿಂದ ಆ ಕೊರತೆ ಮುಂದಿನ ವರ್ಷಗಳ ದ್ರವಗತಿಶಾಸ್ತ್ರದವರೆಗೂ ಅಡಗಿಯೇ ಉಳಿಯುತ್ತದೆ.

ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. 2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ನಾಗಪುರದಲ್ಲಿ ಸುರಿದ ಭಾರಿ ಮಳೆಗೆ ಅಂಬಾಝರಿ ಕೆರೆ ಕೋಡಿ ಹರಿದು, ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಕೆರೆಯ ನೀರಿನ ಮಟ್ಟವು ಮಳೆ ಅತ್ಯಂತ ಜೋರಾಗಿರುವ ಗಳಿಗೆಯಲ್ಲಿಯೇ ಅತ್ಯಂತ ಎತ್ತರಕ್ಕೆ ಏರುತ್ತದೆಂದು, ಮಳೆ ಇಳಿದೊಡನೆ ಅಪಾಯವೂ ಇಳಿಯುತ್ತದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ತಪ್ಪು. ಕೆರೆಯಲ್ಲಿರುವ ನೀರಿನ ಪ್ರಮಾಣವು ಕಾಲದೊಡನೆ ಬದಲಾಗುವ ದರವು, ಒಳಬರುವ ಹರಿವಿನಿಂದ ಹೊರಹೋಗುವ ಹರಿವನ್ನು ಕಳೆದಾಗ ಉಳಿಯುವಷ್ಟೇ ಆಗಿರುತ್ತದೆ. ಈ ಒಂದು ವಾಕ್ಯವೇ ಸಮೀಕರಣ, ಮತ್ತು ಅದರಲ್ಲಿ ಬರುವ ‘ಬದಲಾಗುವ ದರ’ವನ್ನೇ ಪಠ್ಯಪುಸ್ತಕಗಳು ನಿಷ್ಪನ್ನವೆಂದು ಕರೆಯುತ್ತವೆ. ಒಳಹರಿವು ತನ್ನ ಶಿಖರವನ್ನು ಮುಟ್ಟಿ ಇಳಿಯತೊಡಗಿದ ಮೇಲೂ, ಅದು ಹೊರಹರಿವಿಗಿಂತ ಹೆಚ್ಚಾಗಿರುವವರೆಗೆ ನಿಷ್ಪನ್ನವು ಧನಾತ್ಮಕವಾಗಿಯೇ ಇದ್ದು ಕೆರೆ ಏರುತ್ತಲೇ ಇರುತ್ತದೆ. ಎರಡೂ ಸಮವಾದ ಗಳಿಗೆಯಲ್ಲಿ ನಿಷ್ಪನ್ನ ಶೂನ್ಯವಾಗುತ್ತದೆ, ಮಟ್ಟ ಗರಿಷ್ಠವಾಗುವುದು ಆಗ, ಮತ್ತು ಆ ಹೊತ್ತಿಗೆ ಮಳೆ ಬಹುಮಟ್ಟಿಗೆ ತಗ್ಗಿಯೇ ಇರಬಹುದು.

ಹೊರಹರಿವಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಕೋಡಿಯ ಅಂಚಿನ ಮೇಲೆ ನೀರು ಎರಡು ಪಟ್ಟು ಎತ್ತರ ನಿಂತರೆ ಎರಡು ಪಟ್ಟು ನೀರು ಹರಿಯುತ್ತದೆಂದು ಯಾರಾದರೂ ಊಹಿಸುವುದು ಸಹಜ. ಆದರೆ ನೀರಿನ ಮೇಲ್ಮೈಯಿಂದ ಕೆಳಗಿಳಿದಂತೆ ಹರಿವಿನ ವೇಗವು ಆಳದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತೆಳುವಾದ ಪದರು ಪದರಾಗಿ ಈ ವೇಗಗಳನ್ನು ಕೂಡಿಸಿದಾಗ, ಅಂದರೆ ಅನುಕಲಿಸಿದಾಗ, ಒಟ್ಟು ಹರಿವು ಎತ್ತರದ ಒಂದೂವರೆ ಘಾತಕ್ಕೆ ಅನುಗುಣವೆಂದು ತಿಳಿಯುತ್ತದೆ. ಎತ್ತರ ಎರಡು ಪಟ್ಟಾದರೆ ಹರಿವು ಸುಮಾರು 2.8 ಪಟ್ಟಾಗುತ್ತದೆ. ಕೆಳಗಿನ ಬಡಾವಣೆಯ ಮನೆಗಳಿಗೆ ಎರಡಕ್ಕೂ 2.8ಕ್ಕೂ ಇರುವ ಅಂತರವು ಪರೀಕ್ಷೆಯ ಅಂಕಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಎರಡನೆಯ ತಪ್ಪು ಕಲ್ಪನೆ, ಕಲನಶಾಸ್ತ್ರವು ಚಿಕ್ಕ ಸಂಖ್ಯೆಗಳನ್ನು ಅನುಕೂಲಕ್ಕೆ ತಕ್ಕಂತೆ ಕೈಬಿಡುವ ಅಂದಾಜಿನ ಗಣಿತ ಎಂಬುದು. ತರಗತಿಯಲ್ಲಿ ‘ಈ ಪದ ಬಹಳ ಚಿಕ್ಕದು, ಬಿಟ್ಟುಬಿಡಿ’ ಎಂಬ ಮಾತನ್ನು ಕೇಳಿದವರಿಗೆ ಹಾಗೆ ಅನಿಸಿದರೆ ಅದು ಅವರ ತಪ್ಪಲ್ಲ. ನಾಗಪುರದ ಕಿತ್ತಳೆಯನ್ನು 3.5 ಸೆಂಟಿಮೀಟರ್ ತ್ರಿಜ್ಯದ ಗೋಳವೆಂದೂ ಅದರ ಸಡಿಲ ಸಿಪ್ಪೆಯ ದಪ್ಪ 0.3 ಸೆಂಟಿಮೀಟರ್ ಎಂದೂ ಭಾವಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ನಿಜವಾದ ಹಣ್ಣು ತುಸು ಚಪ್ಪಟೆಯಾಗಿರುತ್ತದೆ, ಆದರೆ ಲೆಕ್ಕದ ತಿರುಳಿಗೆ ಅದರಿಂದ ಧಕ್ಕೆಯಿಲ್ಲ. ಗೋಳದ ಘನಫಲದ ನಿಷ್ಪನ್ನವು ಅದರ ಮೇಲ್ಮೈ ವಿಸ್ತೀರ್ಣವೇ ಆಗಿರುವುದರಿಂದ, ಮೇಲ್ಮೈಯನ್ನು ದಪ್ಪದಿಂದ ಗುಣಿಸಿದರೆ ಸಿಪ್ಪೆಯ ಘನಫಲ ಸುಮಾರು 46.2 ಘನ ಸೆಂಟಿಮೀಟರ್ ಎಂದು ಬರುತ್ತದೆ. ಹೊರಗಿನ ಗೋಳದಿಂದ ಒಳಗಿನ ಗೋಳವನ್ನು ಕಳೆದು ಪಡೆದ ನಿಖರ ಉತ್ತರ 42.3. ವ್ಯತ್ಯಾಸ ಸುಮಾರು 9 ಪ್ರತಿಶತ. ಸಿಪ್ಪೆಯನ್ನು ಹತ್ತನೆಯ ಒಂದು ಭಾಗಕ್ಕೆ ತೆಳುವಾಗಿಸಿದರೆ ವ್ಯತ್ಯಾಸ 1 ಪ್ರತಿಶತಕ್ಕಿಂತ ಕೆಳಗಿಳಿಯುತ್ತದೆ, ಮತ್ತೆ ಅಷ್ಟೇ ತೆಳುವಾಗಿಸಿದರೆ ಇನ್ನೂ ಹತ್ತು ಪಟ್ಟು ಕುಗ್ಗುತ್ತದೆ. ಹೀಗೆ ಬೇಕೆಂದಷ್ಟು ಕುಗ್ಗಿಸಬಹುದಾದ ದೋಷವು ಕೊನೆಗೆ ಯಾವ ಬೆಲೆಯತ್ತ ಕರೆದೊಯ್ಯುತ್ತದೆಯೋ ಆ ಬೆಲೆಗೆ ಮಿತಿ ಎಂದು ಹೆಸರು. ನಿಷ್ಪನ್ನವೆಂದರೆ ಆ ಮಿತಿಯೇ ಹೊರತು ಅದರ ಹತ್ತಿರದ ಅಂದಾಜಲ್ಲ. ಅಂದಾಜು ಬರುವುದು ಮಿತಿಯನ್ನು ದಪ್ಪ ಸಿಪ್ಪೆಗೆ ಅನ್ವಯಿಸಿದಾಗ ಮಾತ್ರ, ಮತ್ತು ಆಗಲೂ ದೋಷವೆಷ್ಟೆಂದು ಹೇಳುವ ಸಾಮರ್ಥ್ಯ ಅದೇ ಶಾಸ್ತ್ರಕ್ಕಿದೆ. ತ್ರಿಜ್ಯದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ದಪ್ಪವಿರುವ ಸಿಪ್ಪೆಯು ಇಡೀ ಹಣ್ಣಿನ ಘನಫಲದಲ್ಲಿ ಸುಮಾರು ಕಾಲು ಭಾಗವನ್ನು ಆಕ್ರಮಿಸುತ್ತದೆಂಬುದೂ ಇದೇ ಲೆಕ್ಕದಿಂದ ತಿಳಿಯುವ ಸಂಗತಿ.

ಅನುಕಲನವೆಂದರೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ, ಅಷ್ಟೇ ಎಂಬ ನಂಬಿಕೆ ಪದವಿಪೂರ್ವ ತರಗತಿಗಳಿಂದಲೇ ಬರುತ್ತದೆ. ವಿಸ್ತೀರ್ಣವು ಅನುಕಲನದ ಒಂದು ಚಿತ್ರ ಮಾತ್ರ. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ, ಮುಂದೆ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಕೃಷ್ಣರಾಜಸಾಗರದ ಯೋಜನೆಯನ್ನು ಮುನ್ನಡೆಸಿದ ವಿಶ್ವೇಶ್ವರಯ್ಯನವರ ಕ್ಷೇತ್ರದಲ್ಲಿ ಅನುಕಲವು ಬಲದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನೀರಿನ ಒತ್ತಡವು ಆಳದೊಡನೆ ಒಂದೇ ಪ್ರಮಾಣದಲ್ಲಿ ಏರುವುದರಿಂದ, ನೇರವಾಗಿ ನಿಂತ ಗೋಡೆಯ ಮೇಲಿನ ಒಟ್ಟು ಬಲವು ಆಳದ ವರ್ಗಕ್ಕೆ ಅನುಗುಣವಾಗುತ್ತದೆ: 10 ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 490 ಕಿಲೋನ್ಯೂಟನ್ ಬಲ ಹಾಕಿದರೆ, 20 ಮೀಟರ್ ಆಳದ್ದು ಅದರ ನಾಲ್ಕು ಪಟ್ಟು ಹಾಕುತ್ತದೆ. ಈ ಲೆಕ್ಕದಲ್ಲಿ ಜಲಾಶಯ ಎಷ್ಟು ದೂರ ಹಿಂದಕ್ಕೆ ಚಾಚಿದೆಯೆಂಬುದು ಎಲ್ಲಿಯೂ ಬರುವುದಿಲ್ಲ. ಹಿಂದೆ ನಿಂತ ನೀರು ಹೆಚ್ಚಿದಷ್ಟೂ ಗೋಡೆಯ ಮೇಲಿನ ಬಲ ಹೆಚ್ಚುತ್ತದೆಂಬ ಜನಪ್ರಿಯ ಊಹೆ ಇಲ್ಲಿ ಬಿದ್ದುಹೋಗುತ್ತದೆ. ಅಣೆಕಟ್ಟುಗಳು ಬುಡದಲ್ಲಿ ಅಗಲವಾಗಿರುವುದಕ್ಕೆ ಕಾರಣ ಆಳ.

ಪ್ರವೇಶ ಪರೀಕ್ಷೆಯಾದ ಜೆಇಇ ಪಾಸಾದವರಿಗೆ ಮೊದಲ ವರ್ಷದ ಗಣಿತವು ಮರುಪಾಠ ಎಂಬ ಭಾವನೆಯೂ ಅರ್ಧಸತ್ಯ. ಪದವಿಪೂರ್ವದ ಕಲನ ಒಂದು ಚರದ್ದು. ಇಲ್ಲಿ ಹಲವು ಚರಗಳು ಒಟ್ಟಿಗೆ ಬದಲಾಗುತ್ತವೆ. ಒಂದನ್ನು ಬದಲಿಸುತ್ತ ಉಳಿದವನ್ನು ಸ್ಥಿರವಾಗಿಟ್ಟು ಪಡೆಯುವ ಆಂಶಿಕ ನಿಷ್ಪನ್ನಗಳೆಲ್ಲವೂ ಶೂನ್ಯವಾದರೂ ಆ ಬಿಂದು ಶಿಖರವೂ ಅಲ್ಲದೆ ತಗ್ಗೂ ಅಲ್ಲದೆ ಇರಬಹುದು. ಎರಡು ಗುಡ್ಡಗಳ ನಡುವಿನ ಕಣಿವೆದಾರಿಯಲ್ಲಿ ನಿಂತವರಿಗೆ ಆ ಜಾಗ ದಾರಿಯ ಉದ್ದಕ್ಕೂ ಅತಿ ಎತ್ತರದ್ದಾಗಿ, ಗುಡ್ಡದಿಂದ ಗುಡ್ಡಕ್ಕೆ ನೋಡಿದಾಗ ಅತಿ ತಗ್ಗಿನದಾಗಿ ಕಾಣುವಂತೆ. ಇಂಥದ್ದಕ್ಕೆ ಜೀನು ಬಿಂದುವೆಂದು ಹೆಸರು, ಒಂದು ಚರದ ಅಭ್ಯಾಸವು ಇದಕ್ಕೆ ಯಾರನ್ನೂ ಸಿದ್ಧಗೊಳಿಸುವುದಿಲ್ಲ.

ದ್ವಿಗುಣ ಅನುಕಲಕ್ಕೆ, ಅಂದರೆ ಒಂದು ಕ್ಷೇತ್ರವನ್ನೆಲ್ಲ ಚೂರುಗಳಾಗಿ ಹರಡಿ ಕೂಡುವ ಕ್ರಿಯೆಗೆ, ಪರೀಕ್ಷೆಯ ಹೊರಗೆ ಬಳಕೆಯಿಲ್ಲವೆನ್ನುವವರು ನಗರದ ನಡುವೆಯೇ ಇರುವ ಝೀರೋ ಮೈಲ್ ಕಂಬವನ್ನು ಗಮನಿಸಬೇಕು. ಅದು ಭಾರತದ ಭೌಗೋಳಿಕ ಕೇಂದ್ರವನ್ನು ಸೂಚಿಸುತ್ತದೆಂದು ವ್ಯಾಪಕವಾಗಿ ನಂಬಲಾಗಿದೆ. ಆದರೆ ಅದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ 1907ರ ಮಾನಬಿಂದು. ಅದು ದಾಖಲಿಸುವುದು ಸಮುದ್ರಮಟ್ಟದಿಂದ ಆ ಸ್ಥಳದ ಎತ್ತರವನ್ನು, ಸುಮಾರು 1020 ಅಡಿ. ಒಂದು ದೇಶದ ಕೇಂದ್ರವನ್ನು ಕಾಣಲು ಅದರ ಪ್ರತಿ ಚೂರಿನ ವಿಸ್ತೀರ್ಣವನ್ನು ಒಂದು ಆಧಾರರೇಖೆಯಿಂದ ಆ ಚೂರಿಗಿರುವ ದೂರದಿಂದ ಗುಣಿಸಿ, ದ್ವಿಗುಣ ಅನುಕಲದಿಂದ ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕಾಗುತ್ತದೆ. ಈ ಲೆಕ್ಕದ ಉತ್ತರ ಗಡಿಯೊಡನೆ ಸರಿಯುತ್ತದೆ. 1907ರ ಭಾರತದಲ್ಲಿ ಬರ್ಮಾ ಸೇರಿತ್ತು, ಇಂದಿನ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳೂ ಸೇರಿದ್ದವು. ಅಂದಿನ ಗಡಿಗೂ ಇಂದಿನ ಗಡಿಗೂ ಒಂದೇ ಕಲ್ಲು ಕೇಂದ್ರವಾಗಿರುವುದು ಸಾಧ್ಯವಿಲ್ಲ.

ಇತಿಹಾಸದ ವಿಷಯದಲ್ಲಿ ಎರಡು ವಿರುದ್ಧ ನಂಬಿಕೆಗಳು ಪರಸ್ಪರ ಪೋಷಿಸುತ್ತವೆ: ಕಲನವು ನ್ಯೂಟನ್ ಮತ್ತು ಲೈಬ್ನಿಟ್ಸ್ ಅವರಿಂದ ಶೂನ್ಯದಿಂದ ಹುಟ್ಟಿತೆಂಬುದು ಒಂದು, ಅದೆಲ್ಲವೂ ಮೊದಲೇ ನಮ್ಮಲ್ಲಿತ್ತೆಂಬುದು ಇನ್ನೊಂದು. ವಿಜಯಪುರದವರೂ ಖಾನ್‌ದೇಶದವರೂ ತಮ್ಮವನೆಂದು ಹೇಳಿಕೊಳ್ಳುವ ಭಾಸ್ಕರಾಚಾರ್ಯನು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಒಂದು ಗಳಿಗೆಯ ವೇಗವನ್ನು, ಸೈನ್ ಬೆಲೆಗಳ ವ್ಯತ್ಯಾಸವು ಕೊಸೈನ್‌ಗೆ ಅನುಗುಣವಾಗಿರುತ್ತದೆಂಬ ನಿಯಮದಿಂದ ಕಂಡುಹಿಡಿದನು, ಗ್ರಹಕ್ಕೆ ಮಾಡುವ ತಿದ್ದುಪಡಿ ಗರಿಷ್ಠವಾಗುವಲ್ಲಿ ಅದರ ಬದಲಾವಣೆ ಶೂನ್ಯವಾಗುತ್ತದೆಂಬುದನ್ನೂ ಗುರುತಿಸಿದನು. ಅಂಬಾಝರಿಯ ಮಟ್ಟ ಗರಿಷ್ಠವಾಗುವಾಗ ನಡೆಯುವುದೂ ಇದೇ. ಸಂಗಮಗ್ರಾಮದ ಮಾಧವ ಮತ್ತು ಅವನ ಕೇರಳದ ಶಿಷ್ಯಪರಂಪರೆಯು 14ರಿಂದ 16ನೇ ಶತಮಾನದವರೆಗೆ ಅನಂತ ಶ್ರೇಣಿಗಳಲ್ಲಿ ಇನ್ನೂ ಬಹಳ ಮುಂದೆ ಹೋಯಿತು. ಆದರೆ ನಿಷ್ಪನ್ನ ಮತ್ತು ಅನುಕಲಗಳು ಒಂದನ್ನೊಂದು ರದ್ದುಗೊಳಿಸುವ ವಿಲೋಮ ಕ್ರಿಯೆಗಳೆಂಬ ಸಾಮಾನ್ಯ ಪ್ರಮೇಯ, ಮತ್ತು ಯಾವ ವಕ್ರರೇಖೆಗೂ ಸಲ್ಲುವ ವಿಧಾನ, 17ನೇ ಶತಮಾನದ ಯುರೋಪಿನದು. ಎರಡನ್ನೂ ಇದ್ದಂತೆಯೇ ಒಪ್ಪಿಕೊಳ್ಳುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಕಂಪ್ಯೂಟರು ಅನುಕಲಿಸುವ ಕಾಲದಲ್ಲಿ ಇದನ್ನೆಲ್ಲ ಕಲಿಯುವುದು ವ್ಯರ್ಥವೆಂಬ ಮಾತು ಈಗ ಹೆಚ್ಚು ಕೇಳುತ್ತದೆ. ಮೂರು ಹಂತಗಳಲ್ಲಿ ನಡುವಣದನ್ನು ಯಂತ್ರಕ್ಕೆ ಬಿಡಬಹುದೆಂಬುದು ನಿಜ, ಬಿಡುವುದು ಒಳ್ಳೆಯದೂ ಹೌದು. ಆದರೆ ಕೆರೆಯ ಸಮೀಕರಣದಲ್ಲಿ ಹೊರಹರಿವಿಗೆ ಒಂದೂವರೆ ಘಾತದ ಬದಲು ಒಂದನೆಯ ಘಾತವನ್ನು ಬರೆದುಕೊಟ್ಟರೆ, ಯಂತ್ರವು ಅದನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿ, ದಶಮಾಂಶದ ಹತ್ತು ಸ್ಥಾನಗಳವರೆಗೆ ತಪ್ಪು ಉತ್ತರವನ್ನು ಮುದ್ರಿಸುತ್ತದೆ.