ಸೂರ್ಯಾ ಹಾಕಿದ ಲಾಗಕ್ಕೆ ಎಷ್ಟು ಮಾರ್ಕ್ಸು?

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಗಾಜನೂರಲ್ಲಿ ತುಂಗಾ ಡ್ಯಾಮಿನ ಗೇಟ್ ತೆಗೆದಿದ್ದರು. ಗೇಟ್ ತೆಗೆದ ದಿನ ತೀರ್ಥಹಳ್ಳಿ ರಸ್ತೆಯಲ್ಲಿ ಹೋಗೋ ಬೈಕು, ಕಾರು ಎಲ್ಲವೂ ಒಂದೈದು ನಿಮಿಷ ನಿಂತೇ ಹೋಗುತ್ತವೆ. ನಾವೂ ನಿಂತಿದ್ದೆವು. ಆದರೆ ಪಿಯುಸಿ ಓದುತ್ತಿರುವ ನನ್ನ ಚಿಕ್ಕಪ್ಪನ ಮಗ ನೀರು ನೋಡೋದು ಬಿಟ್ಟು ಮೊಬೈಲ್ ನೋಡುತ್ತಿದ್ದ. ಹಳೇ ವಿಡಿಯೋ. ನೀಲಿ ಉಡುಪಿನ ಕಪ್ಪು ಹುಡುಗಿಯೊಬ್ಬಳು ಐಸ್ ಮೇಲೆ ಹಿಂದಕ್ಕೆ ಜಾರುತ್ತಾ ಬಂದು, ಗಾಳಿಯಲ್ಲಿ ಹಿಮ್ಮುಖವಾಗಿ ಲಾಗ ಹಾಕಿ, ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ಇಳಿದ ಮೇಲೂ ಜಾರುತ್ತಲೇ ಇರುತ್ತಾಳೆ.

"ಅಣ್ಣಾ, ಇದಕ್ಕೆ ಎಷ್ಟು ಪಾಯಿಂಟ್ ಕೊಟ್ರು?" ಅಂದ.

ಕೊಡಲಿಲ್ಲ, ಇದ್ದದ್ದನ್ನೂ ಕಿತ್ತುಕೊಂಡರು ಅಂದೆ. ಅವನು ನಂಬಲಿಲ್ಲ. ಈ ಲೇಖನ ಅವನಿಗೆ ಕೊಡಬೇಕಾದ ಪೂರ್ತಿ ಉತ್ತರ.

ಐಸ್ ಸ್ಕೇಟಿಂಗ್‌ಗೂ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮೂರಲ್ಲಿ ಐಸ್ ಅಂದರೆ ಐಸ್‌ಕ್ಯಾಂಡಿ ಅಷ್ಟೇ. ಆದರೆ ಈ ಕಥೆ ಮೆರಿಟ್ ಬಗ್ಗೆ. ಆ ಪದಕ್ಕೂ ನಮಗೂ ಸಂಬಂಧ ಇದೆ.

ಯಾರಿವರು ಸೂರ್ಯಾ?

ಹೆಸರು ಸೂರ್ಯಾ ಬೊನಾಲಿ. ಹುಟ್ಟಿದ್ದು 1973ರಲ್ಲಿ, ಫ್ರಾನ್ಸಿನ ನೀಸ್ ನಗರದಲ್ಲಿ. ಮಗುವಾಗಿದ್ದಾಗಲೇ ಬಿಳಿಯ ದಂಪತಿ ದತ್ತು ತಗೊಂಡರು. ಹೆಸರು ಸಂಸ್ಕೃತದ್ದೇ, ನಮ್ಮ ಸೂರ್ಯನೇ. ಸಾಕುತಾಯಿ ದೈಹಿಕ ಶಿಕ್ಷಣದ ಟೀಚರ್. ಹುಡುಗಿ ಮೊದಲು ಜಿಮ್ನಾಸ್ಟಿಕ್ಸ್ ಕಲಿತಳು, ಆಮೇಲೆ ಸ್ಕೇಟಿಂಗ್. ಲಾಗ ಹಾಕುವ ಧೈರ್ಯ ಬಂದಿದ್ದು ಅಲ್ಲಿಂದ.

ಸಾಧನೆಯ ಪಟ್ಟಿ ನೋಡಿ. ಫ್ರಾನ್ಸಿನ ರಾಷ್ಟ್ರೀಯ ಚಾಂಪಿಯನ್ 9 ಬಾರಿ. 1991ರಿಂದ 1995ರವರೆಗೆ ಸತತ 5 ವರ್ಷ ಯುರೋಪಿಯನ್ ಚಾಂಪಿಯನ್. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರಮಾಣವಚನ ಹೇಳಿದ್ದು ಇವರೇ. ಅದೇ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಂಪ್‌ಗೆ ಕೈ ಹಾಕಿದರು. ಸುತ್ತು ಪೂರ್ತಿ ಆಗಲಿಲ್ಲ ಅಂತ ಅದು ಲೆಕ್ಕಕ್ಕೆ ಬರಲಿಲ್ಲ. ಮಹಿಳೆಯೊಬ್ಬರ ನಾಲ್ಕು ಸುತ್ತಿನ ಜಂಪ್ ಮೊದಲ ಸಲ ಅಧಿಕೃತವಾಗಿ ದಾಖಲಾಗಿದ್ದು 2002ರಲ್ಲಿ, ಜಪಾನಿನ ಮಿಕಿ ಆಂಡೋ ಹೆಸರಲ್ಲಿ. ಅಂದರೆ ಸೂರ್ಯಾ ಹತ್ತು ವರ್ಷ ಮುಂಚೆಯೇ ಆ ಬಾಗಿಲು ತಟ್ಟಿದ್ದರು.

ಇಷ್ಟಿದ್ದೂ ಒಲಿಂಪಿಕ್ಸ್‌ನಲ್ಲಿ 5ನೇ ಸ್ಥಾನ, 4ನೇ ಸ್ಥಾನ, 10ನೇ ಸ್ಥಾನ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1993, 1994, 1995, ಮೂರೂ ವರ್ಷ ಬೆಳ್ಳಿ. ಚಿನ್ನ ಒಂದೂ ಇಲ್ಲ.

ಎರಡು ಕಾಲಂ ಇದ್ದ ಹಾಳೆ

ಯಾಕೆ ಅಂತ ಗೊತ್ತಾಗಬೇಕಾದರೆ ಆಗಿನ ಮಾರ್ಕ್ಸ್ ಶೀಟ್ ಹೇಗಿತ್ತು ಅಂತ ನೋಡಬೇಕು. ಒಬ್ಬೊಬ್ಬ ಜಡ್ಜ್ ಎರಡು ಅಂಕ ಕೊಡುತ್ತಿದ್ದರು, ಎರಡೂ 6.0ಕ್ಕೆ. ಮೊದಲನೆಯದು ತಾಂತ್ರಿಕ ಅಂಕ: ಎಷ್ಟು ಸುತ್ತು ತಿರುಗಿದೆ, ಸರಿಯಾಗಿ ಇಳಿದೆಯಾ, ಬಿದ್ದೆಯಾ. ಎರಡನೆಯದು ಕಲಾತ್ಮಕ ಅಂಕ: ನೋಡೋಕೆ ಹೇಗಿತ್ತು, ಸಂಗೀತಕ್ಕೆ ಹೊಂದಿತ್ತಾ, ಒಟ್ಟಾರೆ ಏನನ್ನಿಸಿತು.

ಇನ್ನೊಂದು ಸೂಕ್ಷ್ಮ ಇದೆ. ಫ್ರೀ ಸ್ಕೇಟ್ ಅನ್ನುವ ಮುಖ್ಯ ಸುತ್ತಿನಲ್ಲಿ ಒಬ್ಬ ಜಡ್ಜ್ ಇಬ್ಬರಿಗೆ ಒಂದೇ ಮೊತ್ತ ಕೊಟ್ಟಿದ್ದರೆ, ಎರಡನೇ ಕಾಲಂನಲ್ಲಿ ಹೆಚ್ಚು ಬಂದವರೇ ಮುಂದೆ. ಅಳತೆಗೆ ಸಿಗುವ ಅಂಕವೂ ಅನಿಸಿಕೆಯ ಅಂಕವೂ ಸಮ ಬಂದಾಗ ಗೆಲ್ಲೋದು ಅನಿಸಿಕೆ.

ಈಗ 1994ರ ವಿಶ್ವ ಚಾಂಪಿಯನ್‌ಶಿಪ್, ಜಪಾನಿನ ಚಿಬಾ. ಆತಿಥೇಯ ದೇಶದ ಯುಕಾ ಸಾಟೋ ಮತ್ತು ಸೂರ್ಯಾ ನಡುವೆ ಪೈಪೋಟಿ. 9 ಜಡ್ಜ್‌ಗಳಲ್ಲಿ 5 ಜನ ಸಾಟೋ ಕಡೆ, 4 ಜನ ಸೂರ್ಯಾ ಕಡೆ. ಪದಕ ಕೊಡುವಾಗ ಸೂರ್ಯಾ ಪೋಡಿಯಂ ಹತ್ತದೆ ಪಕ್ಕದಲ್ಲಿ ನಿಂತರು. ಹತ್ತಿಸಿದ ಮೇಲೆ, ಕೊರಳಿಗೆ ಹಾಕಿದ ಬೆಳ್ಳಿಯನ್ನು ತೆಗೆದುಬಿಟ್ಟರು. ಜನ ಕೂಗಿದರು. ಅವರು ಅಳುತ್ತಿದ್ದರು. ಪೇಪರುಗಳಿಗೆ "ದುರಹಂಕಾರಿ" ಅನ್ನೋ ಹಣೆಪಟ್ಟಿ ಸಿಕ್ಕಿತು.

ಇಲ್ಲಿ ಪ್ರಾಮಾಣಿಕವಾಗಿರಬೇಕು. ಸಾಟೋ ಸುಮ್ಮನೆ ಗೆದ್ದವರಲ್ಲ. ಐಸ್ ಮೇಲೆ ಅಷ್ಟು ಹಗುರವಾಗಿ, ಬ್ಲೇಡಿನ ಅಂಚನ್ನು ಅಷ್ಟು ಆಳವಾಗಿ ಬಳಸಿ ಜಾರುವವರು ಕಡಿಮೆ. ಸೂರ್ಯಾ ಜಂಪ್‌ಗಳಲ್ಲಿ ಕೆಲವು ಪೂರ್ತಿ ತಿರುಗುತ್ತಿರಲಿಲ್ಲ, ಜಂಪ್‌ಗಳ ನಡುವಿನ ಸ್ಕೇಟಿಂಗ್ ಒರಟು ಅನ್ನುವ ಟೀಕೆಗೂ ಆಧಾರ ಇತ್ತು. ಹಾಗಾಗಿ "ಬಣ್ಣ ನೋಡಿ ಸೋಲಿಸಿದರು" ಅಂತ ಒಂದೇ ವಾಕ್ಯದಲ್ಲಿ ಮುಗಿಸೋಕೆ ಆಗಲ್ಲ. ಯಾವ ಜಡ್ಜ್ ತಲೆಯಲ್ಲಿ ಏನಿತ್ತು ಅಂತ ಹಾಳೆ ಹೇಳಲ್ಲ.

ಸಮಸ್ಯೆ ಇರೋದು ಅಲ್ಲೇ. ಹಾಳೆ ಹೇಳಲ್ಲ. ಮೊದಲ ಕಾಲಂನ ಅಂಕಕ್ಕೆ ವಿಡಿಯೋ ಹಾಕಿ ಜಗಳ ಆಡಬಹುದು. ಎರಡನೇ ಕಾಲಂಗೆ ಏನಂತ ಜಗಳ ಆಡ್ತೀರಿ? ತೆಳ್ಳಗೆ, ಬೆಳ್ಳಗೆ, ಬ್ಯಾಲೆ ಹುಡುಗಿಯ ಥರ ಕಾಣೋದೇ ಸ್ಕೇಟಿಂಗಿನ "ಸೊಬಗು" ಅಂತ ದಶಕಗಳಿಂದ ಕಣ್ಣು ಪಳಗಿದ್ದರೆ, ಗಟ್ಟಿ ತೊಡೆಯ ಕಪ್ಪು ಜಿಮ್ನಾಸ್ಟ್ ಬಂದಾಗ ಆ ಕಣ್ಣಿಗೆ ಏನೋ ಕಮ್ಮಿ ಅನಿಸುತ್ತದೆ. ಅನಿಸಿದ್ದಕ್ಕೆ ಕಾರಣ ಬರೆಯಬೇಕಿಲ್ಲ. 5.7 ಅಂತ ಬರೆದರೆ ಸಾಕು.

ಇದು ನಮ್ಮದೇ ಹಾಳೆ

ಈ ಎರಡು ಕಾಲಂನ ಹಾಳೆ ನಮಗೆ ಹೊಸದಲ್ಲ. 1963ರಲ್ಲಿ ಅಂದಿನ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಪರೀಕ್ಷೆಯ ಅಂಕದ ಜೊತೆ ಸಂದರ್ಶನದ ಅಂಕವನ್ನೂ ಸೇರಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ. ಅದರಲ್ಲಿ "ವ್ಯಕ್ತಿತ್ವ" ಅಳೆಯುವುದೂ ಸೇರಿತ್ತು. ಇದನ್ನು ಪ್ರಶ್ನಿಸಿದ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಮುಂದೆ 1980ರಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ಕೋರ್ಟ್ ಬೇರೆ ಮಾತು ಹೇಳಿತು. ಅಲ್ಲಿ ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷ. ಒಟ್ಟು ಅಂಕದಲ್ಲಿ ಸಂದರ್ಶನದ ಪಾಲು ಶೇ. 15 ದಾಟಿದರೆ ಅದು ಮನಸೋಇಚ್ಛೆ ಅಂತ ಕೋರ್ಟ್ ಅಂದಿತು.

ನ್ಯಾಯಾಧೀಶರು ಎರಡನೇ ಕಾಲಂ ಅಳಿಸಲಿಲ್ಲ, ಅದಕ್ಕೊಂದು ಬೇಲಿ ಹಾಕಿದರು. ಸರಿಯಾದ ಕೆಲಸ ಅಂತ ನನಗನ್ನಿಸುತ್ತದೆ.

ನಾನು ಎಂಜಿನಿಯರಿಂಗ್ ಓದುವಾಗ ನಮ್ಮ ಬ್ಯಾಚಿನಲ್ಲಿ ಭದ್ರಾವತಿಯ ಒಬ್ಬ ಗೆಳೆಯ ಇದ್ದ. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ, ಹುಡುಗ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮ್ಯಾಥ್ಸ್‌ನಲ್ಲಿ ನಮಗೆಲ್ಲ ಅವನೇ ಗುರು. ಕ್ಯಾಂಪಸ್‌ಗೆ ಬಂದ ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ಅವನಿಗೆ ನನಗಿಂತ ಜಾಸ್ತಿ ಬಂದಿತ್ತು. ಎಚ್‌ಆರ್ ರೌಂಡಿನಲ್ಲಿ ನಾನು ಪಾಸು, ಅವನು ಔಟ್. "ಕಮ್ಯುನಿಕೇಷನ್ ಸಾಲದು" ಅಂದರಂತೆ. ನನಗೆ ಬಂದಿದ್ದು ಮೆರಿಟ್ ಅಂತ ನಾನು ಎರಡು ವರ್ಷ ನಂಬಿದ್ದೆ. ನನ್ನದು ಇಂಗ್ಲಿಷ್ ಮೀಡಿಯಂ, ಅಷ್ಟೇ.

ನಗಾನೋ, 1998

ಮತ್ತೆ ಐಸ್‌ಗೆ ಬರೋಣ. ಹಿಮ್ಮುಖ ಲಾಗವನ್ನು ಒಲಿಂಪಿಕ್ಸ್‌ನಲ್ಲಿ ಮೊದಲು ಹಾಕಿದ್ದು ಅಮೆರಿಕದ ಟೆರ್ರಿ ಕುಬಿಕಾ, 1976ರಲ್ಲಿ. ಆಮೇಲೆ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಅದನ್ನು ನಿಷೇಧಿಸಿತು. ಹೇಳುತ್ತಿದ್ದ ಕಾರಣ ಎರಡು: ಅಪಾಯ ಒಂದು, ಎರಡು ಕಾಲ ಮೇಲೆ ಇಳಿಯುವ ಕಾರಣ ಅದು ಸರಿಯಾದ ಸ್ಕೇಟಿಂಗ್ ಜಂಪ್ ಅಲ್ಲ ಅನ್ನೋದು ಇನ್ನೊಂದು.

1996ರಲ್ಲಿ ಸೂರ್ಯಾಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಹೋಯಿತು. 1998ರ ನಗಾನೋ ಒಲಿಂಪಿಕ್ಸ್‌ಗೆ ಬಂದಾಗ ವಯಸ್ಸು 24, ಕಾಲಲ್ಲಿ ನೋವು. ಪದಕ ಕೈಗೆ ಸಿಗಲ್ಲ ಅಂತ ಗೊತ್ತಾದ ಮೇಲೆ, ಫ್ರೀ ಸ್ಕೇಟ್ ನಡುವೆ ನಿಷೇಧಿತ ಲಾಗ ಹಾಕಿದರು. ಇಳಿದಿದ್ದು ಒಂದೇ ಕಾಲಿನ ಮೇಲೆ, ಕೆಲವೇ ಮಿಲಿಮೀಟರ್ ದಪ್ಪದ ಒಂದು ಬ್ಲೇಡಿನ ಮೇಲೆ. ಎರಡು ಕಾಲು ಅಂತ ತಾನೆ ನಿಮ್ಮ ತಕರಾರು, ತಗೊಳ್ಳಿ ಅನ್ನೋ ಹಾಗೆ. ಕೊನೆಗೆ ಜಡ್ಜ್‌ಗಳಿಗೆ ಬೆನ್ನು ಹಾಕಿ ಪ್ರೇಕ್ಷಕರಿಗೆ ನಮಿಸಿದರು. ಅಂಕ ಕಡಿತ, 10ನೇ ಸ್ಥಾನ. ಸ್ಪರ್ಧೆಯ ಬದುಕು ಅಲ್ಲಿಗೆ ಮುಗಿಯಿತು.

ಶೋ ಅನ್ನುವ ಇನ್ನೊಂದು ಬಾಗಿಲು

ಆಮೇಲೆ ಸೂರ್ಯಾ ವೃತ್ತಿಪರ ಕಲಾವಿದೆಯಾದರು. ಅಮೆರಿಕದ "ಚಾಂಪಿಯನ್ಸ್ ಆನ್ ಐಸ್" ತಂಡದ ಜೊತೆ ವರ್ಷಗಟ್ಟಲೆ ಊರೂರು ಸುತ್ತಿದರು. 2004ರಲ್ಲಿ ಅಮೆರಿಕದ ಪೌರತ್ವ ತಗೊಂಡರು. ಮುಂದೆ ಕೋಚ್ ಆದರು.

ವೃತ್ತಿಪರ ಶೋ ಅಂದರೆ ಏನು? ಜಡ್ಜ್ ಇಲ್ಲ, ಅಂಕ ಇಲ್ಲ. ಕತ್ತಲೆಯಲ್ಲಿ ಒಂದು ಸ್ಪಾಟ್‌ಲೈಟ್, ಟಿಕೆಟ್ ಕೊಂಡ ಜನ, ಪ್ರದರ್ಶನಕ್ಕೆ ಸಂಭಾವನೆ. ಸ್ಪರ್ಧೆಯಲ್ಲಿ ಯಾವುದಕ್ಕೆ ಅಂಕ ಕಳೆದರೋ ಇಲ್ಲಿ ಅದನ್ನು ನೋಡೋಕೇ ಜನ ಬರುತ್ತಿದ್ದರು. ನಿಷೇಧಿತ ಲಾಗವೇ ಅವರ ಗುರುತಾಯಿತು, ಅನ್ನವೂ ಆಯಿತು.

ಈ ಬಾಗಿಲು ಎಲ್ಲರಿಗೂ ಒಂದೇ ಥರ ತೆರೆದಿದ್ದಲ್ಲ. ನಾರ್ವೆಯ ಸೋನ್ಯಾ ಹೆನಿ 1928, 1932, 1936ರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದು, ಆಮೇಲೆ ಶೋ ಮತ್ತು ಹಾಲಿವುಡ್‌ಗೆ ಹೋಗಿ ದೊಡ್ಡ ಶ್ರೀಮಂತೆಯಾದರು. ಅವರಿಗೆ ಶೋ ಅಂದರೆ ಬಡ್ತಿ. ಅದೇ ಕಾಲದಲ್ಲಿ ಮೇಬಲ್ ಫೇರ್‌ಬ್ಯಾಂಕ್ಸ್ ಎಂಬ ಕಪ್ಪು ಹುಡುಗಿಯನ್ನು ನ್ಯೂಯಾರ್ಕಿನ ರಿಂಕ್‌ಗಳು ಬಣ್ಣ ನೋಡಿ ಬಾಗಿಲಲ್ಲೇ ತಡೆಯುತ್ತಿದ್ದವು. ಕ್ಲಬ್ ಸದಸ್ಯತ್ವ ಇಲ್ಲ, ಹಾಗಾಗಿ ಸ್ಪರ್ಧೆ ಇಲ್ಲ. ಅವರಿಗೆ ಉಳಿದ ದಾರಿ ಶೋ ಒಂದೇ. ನಂತರ ಕೋಚ್ ಆಗಿ, ತಮಗೆ ಸಿಗದ ಸ್ಪರ್ಧೆಗೆ ಕಪ್ಪು ಮಕ್ಕಳನ್ನು ಕಳಿಸಿದರು. ಅಮೆರಿಕದ ಫಿಗರ್ ಸ್ಕೇಟಿಂಗ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 1997ರಲ್ಲಿ.

ಸೂರ್ಯಾ ಈ ಇಬ್ಬರ ನಡುವೆ ನಿಲ್ಲುತ್ತಾರೆ. ಸ್ಪರ್ಧೆ ಅವರನ್ನು ಒಳಗೆ ಬಿಟ್ಟಿತು, ತುದಿ ಮುಟ್ಟೋಕೆ ಬಿಡಲಿಲ್ಲ. ಶೋ ಅವರನ್ನು ಅಪ್ಪಿಕೊಂಡಿತು. ಆದರೆ ಮಾರುಕಟ್ಟೆಯ ಅಪ್ಪುಗೆಯನ್ನು ನ್ಯಾಯ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಜಡ್ಜ್‌ಗೆ ಹೇಗೆ ರುಚಿ ಇದೆಯೋ ಟಿಕೆಟ್ ಕೊಳ್ಳುವವರಿಗೂ ಇದೆ. ಅವರು ಪ್ರತಿ ರಾತ್ರಿ ಅದೇ ಲಾಗ ಕೇಳುತ್ತಾರೆ, ಹಾಕುವ ದೇಹದ ಸೊಂಟಕ್ಕೂ ಮಂಡಿಗೂ ವಯಸ್ಸಾಗುತ್ತದೆ. ಮತ್ತೆ, ಎಷ್ಟು ಚಪ್ಪಾಳೆ ಬಿದ್ದರೂ ಆ 5-4 ಬದಲಾಗಲ್ಲ.

ಹಾಳೆ ತಿದ್ದಿದವರು ಯಾರು?

2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಕೇಟಿಂಗ್ ತೀರ್ಪಿನ ಹಗರಣ ಸ್ಫೋಟಿಸಿತು. ಫ್ರೆಂಚ್ ಜಡ್ಜ್ ಮತ್ತು ಫ್ರೆಂಚ್ ಒಕ್ಕೂಟದ ಅಧ್ಯಕ್ಷ ದಿದಿಯೇ ಗಯಾಗೆ ಇಬ್ಬರೂ ಅಮಾನತಾದರು. ಈ ಗಯಾಗೆ ಒಂದು ಕಾಲದಲ್ಲಿ ಸೂರ್ಯಾಗೆ ಕೋಚ್ ಆಗಿದ್ದವರು. 2004ರಲ್ಲಿ 6.0 ಪದ್ಧತಿ ಹೋಗಿ, ಒಂದೊಂದು ಜಂಪ್‌ಗೂ ನಿಗದಿತ ಅಂಕ ಇರುವ ಹೊಸ ಪದ್ಧತಿ ಬಂತು. ಎರಡನೇ ಕಾಲಂ ಈಗಲೂ ಇದೆ. ಆದರೆ ಅದನ್ನು ಒಡೆದು ಬರೆಯುತ್ತಾರೆ, ಜನ ಪ್ರಶ್ನೆ ಕೇಳಬಹುದು.

2024ರ ಜನವರಿಯಲ್ಲಿ ಫ್ರಾನ್ಸಿನ ಆಡಮ್ ಸಿಯಾವೊ ಹಿಮ್ ಫಾ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಲಾಗ ಹಾಕಿ, ಅಂಕ ಕಳಕೊಂಡೂ ಚಿನ್ನ ಗೆದ್ದರು. ಅದೇ ಜೂನ್‌ನಲ್ಲಿ ಒಕ್ಕೂಟ ನಿಷೇಧ ತೆಗೆಯಿತು. ಈಗ ಅಮೆರಿಕದ ಇಲಿಯಾ ಮಲಿನಿನ್ ಅದನ್ನು ಸ್ಪರ್ಧೆಯಲ್ಲೇ ಹಾಕುತ್ತಾರೆ, ಜನ ಎದ್ದು ಕೂಗುತ್ತಾರೆ. ಸೂರ್ಯಾಗೆ ಯಾರೂ ಅಂಕ ವಾಪಸ್ ಕೊಟ್ಟಿಲ್ಲ.

ಮುಂದಿನ ಸಲ ಯಾರಾದರೂ "ನಾವು ಮೆರಿಟ್ ಮಾತ್ರ ನೋಡ್ತೀವಿ" ಅಂದರೆ ಸಿಟ್ಟಾಗಬೇಡಿ, ಹಾಳೆ ಕೇಳಿ. ಎರಡನೇ ಕಾಲಂನಲ್ಲಿ ಏನಿದೆ? ಅದಕ್ಕೆ ಎಷ್ಟು ಅಂಕ? ಯಾರು ಹಾಕಿದರು? ಕಾರಣ ಬರೆದಿದ್ದಾರಾ? ಟೈ ಆದಾಗ ಯಾವ ಕಾಲಂ ಗೆಲ್ಲುತ್ತೆ?

ಭದ್ರಾವತಿಯ ಗೆಳೆಯ ಈಗ ಅಲ್ಲೇ ಮ್ಯಾಥ್ಸ್ ಟ್ಯೂಷನ್ ಮಾಡುತ್ತಾನೆ. ಬ್ಯಾಚುಗಳು ಫುಲ್, ಪಾಠ ಪೂರ್ತಿ ಕನ್ನಡದಲ್ಲಿ. ಚೆನ್ನಾಗಿದ್ದಾನೆ. ಹೋದ ಸಲ ಸಿಕ್ಕಾಗ ಆ ಇಂಟರ್‌ವ್ಯೂ ನೆನಪಿದೆಯಾ ಅಂತ ಕೇಳಿದೆ. ಇದೆ ಅಂದ. ಯಾವ ಪ್ರಶ್ನೆ ಕೇಳಿದ್ದರು, ತಾನೇನು ಹೇಳಿದೆ, ಎಲ್ಲ ಒಂದೂ ಬಿಡದೆ ಹೇಳಿದ.