ಅಪ್ಪ ಬೇಕೋ, ಅಮ್ಮ ಬೇಕೋ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಜಗಳ ನ್ಯಾಯಾಲಯದ ಮೆಟ್ಟಿಲೇರಿ, ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಎದ್ದಾಗ ಕೂಸಿನ ಮನಸ್ಸನ್ನು ಅರಿಯುವವರು ಯಾರು?

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಇದಕ್ಕೊಂದು ದಾರಿ ಮಾಡಿದೆ. ಅದರ 6ನೇ ಕಲಂ ಆಪ್ತಸಲಹೆಗಾರರ ನೇಮಕಕ್ಕೆ ಅವಕಾಶ ಕೊಡುತ್ತದೆ. 12ನೇ ಕಲಂ ಪ್ರಕಾರ ನ್ಯಾಯಾಧೀಶರು ವೈದ್ಯರ, ಕುಟುಂಬ ಕಲ್ಯಾಣ ತಜ್ಞರ ನೆರವು ಪಡೆಯಬಹುದು. ತಜ್ಞರು ಸಲಹೆ ಕೊಡಬಹುದೇ ಹೊರತು ತೀರ್ಪು ನ್ಯಾಯಾಧೀಶರದೇ.

ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆದರೆ ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಹಿತ. ತಿಳಿದು ಹೇಳುವಷ್ಟು ಬೆಳೆದ ಮಗುವಿನ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆ.

ಗಿಳಿಪಾಠವೋ, ಸ್ವಂತ ಮಾತೋ?

‘ನನಗೆ ಅಪ್ಪ ಬೇಡ’ ಎಂದು ಮಗು ಹೇಳಿದರೆ ಅದು ಅನುಭವದ ಮಾತೇ, ಯಾರಾದರೂ ಹೇಳಿಕೊಟ್ಟದ್ದೇ? ಒಬ್ಬರ ಬಗ್ಗೆ ಮಗುವಿನ ಮನಸ್ಸಿನಲ್ಲಿ ವಿಷ ಬಿತ್ತುವ ಅಪಾಯವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಿವೇಕ್ ಸಿಂಗ್ ಪ್ರಕರಣದಲ್ಲಿ ಚರ್ಚಿಸಿತು. ಆದರೆ ಮಗುವಿನ ಭಯಕ್ಕೆ ನಿಜವಾದ ಹಿಂಸೆಯೂ ಕಾರಣವಿರಬಹುದು. ಆದ್ದರಿಂದ ತಜ್ಞರು ಇಬ್ಬರನ್ನೂ ಮಾತನಾಡಿಸಬೇಕು. ಪ್ರತಿಯೊಬ್ಬರೊಡನೆ ಮಗು ಹೇಗಿರುತ್ತದೆಂದು ನೋಡಬೇಕು. ಆಟ, ಚಿತ್ರ, ಶಾಲೆಯ ನಡವಳಿಕೆಗಳನ್ನು ಗಮನಿಸಬೇಕು. ಒಬ್ಬರ ಮಾತನ್ನಷ್ಟೇ ಕೇಳಿ ಇನ್ನೊಬ್ಬರ ಬಗ್ಗೆ ಅಭಿಪ್ರಾಯ ಬರೆಯುವುದು ತರವಲ್ಲ.

ಎರಡು ಕೆಲಸ, ಇಬ್ಬರು ತಜ್ಞರು

ನ್ಯಾಯಾಲಯಕ್ಕೆ ವರದಿ ಕೊಡುವುದು ಒಂದು ಕೆಲಸ, ನೊಂದ ಮಗುವಿಗೆ ಚಿಕಿತ್ಸೆ ನೀಡುವುದು ಇನ್ನೊಂದು. ಎರಡನ್ನೂ ಒಬ್ಬರೇ ಮಾಡಿದರೆ ತೊಡಕು ತಪ್ಪಿದ್ದಲ್ಲ. ಚಿಕಿತ್ಸಕರ ಮುಂದೆ ಮಗು ಅಳುತ್ತದೆ, ಸಿಟ್ಟಾಗುತ್ತದೆ, ಗುಟ್ಟು ಹೇಳುತ್ತದೆ. ಆ ಗುಟ್ಟು ನಾಳೆ ಅಪ್ಪನ ವಿರುದ್ಧವೋ ಅಮ್ಮನ ವಿರುದ್ಧವೋ ಸಾಕ್ಷ್ಯವಾದರೆ ಮಗು ಮತ್ತೆ ಬಾಯಿ ಬಿಡುವುದೇ? ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಆದರೆ ಮಗುವಿಗೆ ಅಪಾಯವಿದ್ದಾಗ, ಕಾನೂನು ಕೇಳಿದಾಗ ಗುಟ್ಟಿಗೂ ಮಿತಿಯುಂಟು. ಅದನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಮೊದಲೇ ತಿಳಿಸಬೇಕು.

ತಂದೆತಾಯಿಗಳಿಗೆ

ಚಿಕಿತ್ಸಕರಿಂದ ತಮ್ಮ ಪರ ಸರ್ಟಿಫಿಕೇಟ್ ಬಯಸಬೇಡಿ. ಭೇಟಿ ಮುಗಿಸಿ ಬಂದ ಮಗುವನ್ನು ‘ಏನು ಕೇಳಿದರು, ಏನು ಹೇಳಿದೆ’ ಎಂದು ಪೀಡಿಸಬೇಡಿ. ದೂತನಂತೆಯೋ ಗೂಢಚಾರನಂತೆಯೋ ಅದನ್ನು ಬಳಸಬೇಡಿ. ಪರೀಕ್ಷೆಯ ದಿನಗಳಲ್ಲಾದರೂ ಜಗಳಕ್ಕೆ ಬಿಡುವು ಕೊಡಿ.

ಇಂಥ ಮನೆಯಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು: ಅಪ್ಪ ಅಮ್ಮನ ಜಗಳಕ್ಕೆ ನೀವು ಕಾರಣರಲ್ಲ. ನಂಬಿಕೆಯ ಶಿಕ್ಷಕರೊಡನೆ ಮನಸ್ಸು ಬಿಚ್ಚಿ ಮಾತನಾಡಿ. ತೊಂದರೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಇಬ್ಬರಲ್ಲಿ ಒಬ್ಬರನ್ನು ಆರಿಸುವ ಭಾರ ನಿಮ್ಮದಲ್ಲ. ಅದನ್ನು ಹೊರಬೇಕಾದವರು ದೊಡ್ಡವರು.